ಆಕಾಶವಾಣಿ ಕೋಲ್ಕತ್ತಾ: ಮೀಡಿಯಂ ವೇವ್ ಸೆಟ್ಟೋ, ಮೊಬೈಲ್ ಆ್ಯಪೋ?

ಬಂಗಾಳಿ ರೇಡಿಯೊ ಕೇಳಲೆಂದೇ ಸೆಟ್ ಕೊಳ್ಳುವವರು ಎಫ್‌ಎಂ ಮಾತ್ರ ಇರುವುದನ್ನು ತರಬೇಡಿ. 1927ರ ಆಗಸ್ಟ್‌ನಲ್ಲಿ ಶುರುವಾದ ಕೋಲ್ಕತ್ತಾ ಕೇಂದ್ರದ ತಿರುಳು ಇರುವುದು ಮೀಡಿಯಂ ವೇವ್‌ನಲ್ಲಿ: 657 ಕಿಲೋಹರ್ಟ್ಜ್‌ನಲ್ಲಿ ‘ಗೀತಾಂಜಲಿ’ ವಾಹಿನಿ, 1008ರಲ್ಲಿ ‘ಸಂಚಯಿತಾ’. ರವೀಂದ್ರ ಸಂಗೀತ, ಕವಿ ಕಾಜಿ ನಜರುಲ್ ಇಸ್ಲಾಂ ಅವರ ಗೀತೆ, ನಾಟಕ ಬೇಕಿದ್ದವರು ಮುಳ್ಳನ್ನು ಮೊದಲು 657ಕ್ಕೆ ತಿರುಗಿಸಿ.

ಸೆಟ್ ಚೆನ್ನಾಗಿದ್ದೂ ಗೊರಗೊರ ಎಂದರೆ ದೋಷ ಬಹುಪಾಲು ಮನೆಯೊಳಗೇ ಇರುತ್ತದೆ. ಎಲ್‌ಇಡಿ ಬಲ್ಬು, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವನ್ನು ಒಂದೊಂದಾಗಿ ಆರಿಸಿ ನೋಡಿ, ಕಳ್ಳ ಸಿಕ್ಕಿಬೀಳುತ್ತಾನೆ. ಉದ್ದನೆಯ ಕಡ್ಡಿ ಏರಿಯಲ್ ಎಳೆದು ಪ್ರಯೋಜನವಿಲ್ಲ; ಅದು ಎಫ್‌ಎಂ ಮತ್ತು ಶಾರ್ಟ್‌ವೇವ್‌ಗೆ. ಮೀಡಿಯಂ ವೇವ್ ಹಿಡಿಯುವುದು ಒಳಗಿನ ಫೆರೈಟ್ ಕಡ್ಡಿ (ತಂತಿ ಸುತ್ತಿದ ಕಾಂತೀಯ ಕಡ್ಡಿ). ಅದರ ತುದಿ ಪ್ರಸಾರ ಕೇಂದ್ರದತ್ತ ಇದ್ದರೆ ದನಿ ತೀರಾ ಕ್ಷೀಣ, ಅಡ್ಡಲಾಗಿದ್ದರೆ ಗಟ್ಟಿ. ಆದ್ದರಿಂದ ಸೆಟ್ಟನ್ನೇ ನಿಧಾನಕ್ಕೆ ತಿರುಗಿಸಬೇಕು.

ಬೆಂಗಳೂರಿನಲ್ಲಿ ರಾತ್ರಿ ಪ್ರಯತ್ನಿಸುವವರಿಗೂ ಇದೇ ಉಪಾಯ. ಅಲ್ಲಿ 612ರ ಸ್ಥಳೀಯ ಆಕಾಶವಾಣಿ ಎಷ್ಟು ಜೋರೆಂದರೆ ಸಾಧಾರಣ ಸೆಟ್ಟಿನಲ್ಲಿ 657ರವರೆಗೂ ಚೆಲ್ಲುತ್ತದೆ. ಮೊದಲು 612 ಅತಿ ಕಮ್ಮಿ ಕೇಳುವ ದಿಕ್ಕಿಗೆ ಸೆಟ್ ತಿರುಗಿಸಿ, ಆಮೇಲೆ ಮುಳ್ಳು ಸರಿಸಿ.

ಈ ಕೇಂದ್ರದ ನಿಜವಾದ ಪರೀಕ್ಷೆ ಮಹಾಲಯ ಅಮಾವಾಸ್ಯೆಯ ಮುಂಜಾನೆ. 1931ರಿಂದ ಬಂದ, ದುರ್ಗೆಯನ್ನು ಸ್ತುತಿಸುವ ಬಾನುಲಿ ಕಾರ್ಯಕ್ರಮ ‘ಮಹಿಷಾಸುರಮರ್ದಿನಿ’: ಬಾಣೀ ಕುಮಾರ್ ರಚನೆ, ಪಂಕಜ್ ಮಲ್ಲಿಕ್ ಸಂಗೀತ, ಬೀರೇಂದ್ರ ಕೃಷ್ಣ ಭದ್ರರ ಚಂಡೀಪಾಠ (ದೇವೀ ಮಾಹಾತ್ಮ್ಯದ ಪಠಣ). 1976ರಲ್ಲಿ ಭದ್ರರ ಬದಲಿಗೆ ನಟ ಉತ್ತಮ್ ಕುಮಾರ್ ದನಿ ಕೇಳಿಸಿದಾಗ ಜನ ಒಪ್ಪಲಿಲ್ಲ, ಹಳೆಯದನ್ನೇ ಮತ್ತೆ ತರಬೇಕಾಯಿತು. ಬೆಳಗಿನ 4ಕ್ಕೆ ಶುರುವಾಗಿ ಸುಮಾರು ಒಂದೂವರೆ ಗಂಟೆ ನಡೆಯುತ್ತದೆ. ದೂರದೂರಿನವರಿಗೆ ತೊಡಕಿರುವುದು ಕೊನೆಯಲ್ಲಿ: ಆ ಹೊತ್ತಿಗೆ ಕೋಲ್ಕತ್ತಾದಲ್ಲಿ ಬೆಳಕು ಹರಿದಿರುತ್ತದೆ, ಅಯಾನುಗೋಳದ (ರಾತ್ರಿ ರೇಡಿಯೊ ಅಲೆಗಳನ್ನು ದೂರಕ್ಕೆ ಹಿಂದಿರುಗಿಸುವ ಮೇಲಿನ ವಾಯುಪದರದ) ಕೆಳಪದರ ಅಲೆಗಳನ್ನು ಹೀರತೊಡಗುತ್ತದೆ, ಬೆಂಗಳೂರಲ್ಲಿ ಇನ್ನೂ ಕತ್ತಲಿದ್ದರೂ ದನಿ ಕರಗುತ್ತಾ ಹೋಗುತ್ತದೆ. ಸೆಟ್ ಕೆಟ್ಟಿತೆಂದು ಬಿಚ್ಚಬೇಡಿ.

ಆಗ ಕೈಹಿಡಿಯುವುದು ಆಕಾಶವಾಣಿ ಕೇಳಿಸುವ ‘ನ್ಯೂಸ್ ಆನ್ ಏರ್’ ಆ್ಯಪ್. ದನಿ ಸ್ವಚ್ಛ, ಮೀಡಿಯಂ ವೇವ್‌ನಲ್ಲಿ ಮಂಕಾಗುವ, ಕಮಾನಿನಿಂದ ನುಡಿಸುವ ತಂತಿವಾದ್ಯ ಎಸ್ರಾಜ್‌ನ ಮೇಲಿನ ಎಳೆ ಇಲ್ಲಿ ಸ್ಪಷ್ಟ. 64 ಕೆಬಿಪಿಎಸ್ ಹರಿವಿಗೆ ಗಂಟೆಗೆ ಸುಮಾರು 29 ಎಂಬಿ ಡೇಟಾ ಲೆಕ್ಕ ಹಾಕಿಕೊಳ್ಳಿ. ಪರದೆ ಆರಿದೊಡನೆ ಹಾಡು ನಿಂತರೆ ಫೋನಿನ ಬ್ಯಾಟರಿ ಉಳಿತಾಯದ ಸೆಟ್ಟಿಂಗ್‌ನಲ್ಲಿ ಈ ಆ್ಯಪ್‌ಗೆ ವಿನಾಯಿತಿ ಕೊಡಬೇಕು. ನೇರ ಪ್ರಸಾರಕ್ಕಿಂತ ಆ್ಯಪ್ ಕೆಲವು ಸೆಕೆಂಡು ಹಿಂದಿರುತ್ತದೆ, ಎರಡನ್ನೂ ಒಟ್ಟಿಗೆ ಹಚ್ಚಿದರೆ ಗೊಂದಲ. ನಾಲ್ಕು ಗಂಟೆಗೆ ಎಲ್ಲರೂ ಒಮ್ಮೆಗೇ ನುಗ್ಗಿದಾಗ ಆ್ಯಪ್ ಸುತ್ತುತ್ತಾ ಕೂರುವ ಸಂಭವವಿರುವುದರಿಂದ ಹತ್ತು ನಿಮಿಷ ಮೊದಲೇ ಹಚ್ಚಿಡುವುದು ಕ್ಷೇಮ.

ಕೋಲ್ಕತ್ತಾದಲ್ಲೇ ಇರುವವರಿಗೆ ನನ್ನ ಆಯ್ಕೆ ಈಗಲೂ ಸೆಲ್ ಹಾಕುವ ಸೆಟ್ಟೇ. ಕರೆಂಟ್ ಹೋದರೂ ನಿಲ್ಲುವುದಿಲ್ಲ, ಡೇಟಾ ಬೇಡ. ಆದರೆ ಅಲ್ಲಿನ ಮಳೆಗಾಲದ ತೇವಕ್ಕೆ ಸೆಲ್ ಸ್ಪ್ರಿಂಗ್ ಬೇಗ ಕಿಲುಬು ಹಿಡಿಯುತ್ತದೆ. ಬಳಸದಿದ್ದಾಗ ಸೆಲ್ ತೆಗೆದಿಡಿ. ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ಆಡಿಸಿದರೆ ಸಾಕು.