ಪ್ರಾಸ್ಟೇಟ್ ಬಯಾಪ್ಸಿಗೆ ಹೋಗುವವರೇ, ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ

ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ಸೂಜಿಯಲ್ಲಿ ಚೂರು ತೆಗೆದು ಕ್ಯಾನ್ಸರ್ ಇದೆಯೇ ಎಂದು ನೋಡುವ ಈ ಬಯಾಪ್ಸಿಯ ಬಗ್ಗೆ ಬರೆಯಲು ನನಗೆ ನಾಚಿಕೆಯಾಗುತ್ತದೆ. ಮನೆಯಲ್ಲಿಯೂ ಪೂರ್ತಿ ಹೇಳಿಕೊಂಡಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಾಪೋಕ್ಲಿನಿಂದ ಗೋಣಿಕೊಪ್ಪದವರೆಗೆ ನನಗೆ ಪರಿಚಯವಿರುವ ಅರವತ್ತು ದಾಟಿದ ಗಂಡಸರಲ್ಲಿ ನಾಲ್ಕು ಮಂದಿಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರಿದ್ದಾರೆ, ಒಬ್ಬರೂ ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಒಬ್ಬರಾದರೂ ಹೇಳಿದ್ದರೆ ನಾನು ಹೀಗೆ ಮೋಸ ಹೋಗುತ್ತಿರಲಿಲ್ಲ.

ಕಾಫಿ ಕೊಯ್ಲು ಮುಗಿದ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಪಿ.ಎಸ್.ಎ. (ಪ್ರಾಸ್ಟೇಟಿನಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನಿನ ಪ್ರಮಾಣ) 9.2 ಬಂತು. ಸಾಮಾನ್ಯವಾಗಿ 4 ದಾಟಿದರೆ ವೈದ್ಯರು ಮುಂದಿನ ಪರೀಕ್ಷೆಯ ಮಾತೆತ್ತುತ್ತಾರೆ. ನಮ್ಮ ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಗೆ ವಾರಕ್ಕೊಮ್ಮೆ ಹೊರಗಿನಿಂದ ಬರುವ ಮೂತ್ರರೋಗ ತಜ್ಞರು ಬಯಾಪ್ಸಿ ಆಗಲೇಬೇಕು ಎಂದರು. ನೋವಾಗುತ್ತದೆಯೇ ಎಂದು ಕೇಳಿದೆ. "ಮರಗಟ್ಟಿಸಿಯೇ ಮಾಡುತ್ತೇವೆ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದರು. ನನ್ನಿಂದ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದಲ್ಲಿಯೂ ಲೋಕಲ್ ಅನಸ್ತೇಷಿಯಾ ಎಂದೇ ಇತ್ತು. ಹಲ್ಲು ಕೀಳುವಾಗ ವಸಡಿಗೆ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಕೂರಿಸಿ, ಮರಗಟ್ಟಿತೇ ಎಂದು ಕೇಳಿಯೇ ಕೈ ಹಾಕುತ್ತಾರಲ್ಲ, ಇಲ್ಲಿಯೂ ಹಾಗೆಯೇ ಇರುತ್ತದೆ ಎಂದು ನಂಬಿದೆ.

ಆ ದಿನ ಹೊರಗೆ ಹದಿನೈದು ಮಂದಿ ಕಾಯುತ್ತಿದ್ದರು. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲುಗಳನ್ನು ಎದೆಯ ಕಡೆಗೆ ಮಡಚಿಸಿ, ಗುದದ್ವಾರಕ್ಕೆ ತಣ್ಣನೆಯ ಜೆಲ್ ಹಾಕಿ ಸ್ಕ್ಯಾನಿಂಗ್ ಪ್ರೋಬ್ ಒಳಗೆ ಸೇರಿಸಿದರು. ಒಂದು ನಿಮಿಷವೂ ಕಳೆದಿರಲಿಲ್ಲ, ಸ್ಟೇಪ್ಲರ್ ಒತ್ತಿದಂತೆ ಟಕ್ ಎಂದು ಸದ್ದಾಯಿತು. ಸದ್ದಿಗೆ ಹೆದರುವವನಲ್ಲ ನಾನು, ಕೋವಿ ಇರುವ ಮನೆಯಲ್ಲಿ ಬೆಳೆದವನು. ಆದರೆ ಆ ಸದ್ದಿನ ಜೊತೆಗೇ, ಕೈಯಿಂದ ಒತ್ತಿ ಹಿಡಿದುಕೊಳ್ಳಲೂ ಆಗದ ಒಳಜಾಗದಲ್ಲಿ ಕಾದ ಸೂಜಿ ನಾಟಿದಂತಾಯಿತು. ಮೂರನೆಯದಕ್ಕೆ "ಡಾಕ್ಟರೇ, ಇಂಜೆಕ್ಷನ್ ಕೊಡಲೇ ಇಲ್ಲವಲ್ಲ?" ಎಂದೆ. "ಅರಿವಳಿಕೆ ಹಾಕಿ ಆಯಿತು, ಅಲುಗಾಡಬೇಡಿ" ಎಂದರು. ಹಾಕಿ ಆಯಿತಂತೆ! ಹನ್ನೆರಡು ಚೂರು ತೆಗೆದರು, ಹನ್ನೆರಡನ್ನೂ ಎಣಿಸಿದ್ದೇನೆ. ಏಳನೆಯದಕ್ಕೆ ಕೂಗಿಬಿಟ್ಟೆ. ಕಣ್ಣಲ್ಲಿ ನೀರು ಬಂತು. ನನ್ನ ಮಗಳ ವಯಸ್ಸಿನ ಸಿಸ್ಟರ್ "ಅಂಕಲ್, ಇನ್ನು ಸ್ವಲ್ಪವೇ" ಎಂದು ಭುಜ ಹಿಡಿದುಕೊಂಡಿದ್ದರು. "ಎಲ್ಲರೂ ತಡೆದುಕೊಳ್ಳುತ್ತಾರೆ, ನೀವೊಬ್ಬರೇ ಹೀಗೆ" ಎಂದರು ವೈದ್ಯರು. ಮೂರು ದಿನ ಆ ಮಾತನ್ನು ನಂಬಿದೆ. ಕೊರತೆ ನನ್ನಲ್ಲಿಯೇ ಇದೆ ಎಂದುಕೊಂಡು ಸುಮ್ಮನೆ ಕುಳಿತಿದ್ದೆ.

ನಾಲ್ಕನೆಯ ದಿನ ವಿಮೆಗೆ ಕಳುಹಿಸಲೆಂದು ಬಿಲ್ಲುಗಳನ್ನು ಜಗಲಿಯ ಮೇಜಿನ ಮೇಲೆ ಹರಡಿಕೊಂಡೆ. ಆಸ್ಪತ್ರೆಯ ಬಿಲ್ಲಿನಲ್ಲಿ "ಲೋಕಲ್ ಅನಸ್ತೇಷಿಯಾ ಇಂಜೆಕ್ಷನ್, 1,800 ರೂಪಾಯಿ" ಎಂದಿತ್ತು. ಅವರದೇ ಔಷಧಿ ಅಂಗಡಿಯ ಚೀಟಿಯಲ್ಲಿ ಅಂದು ಒಳಗೆ ತರಿಸಿಕೊಂಡ ಎಲ್ಲವೂ ಇತ್ತು: ಕೈಗವಸು, ಬಯಾಪ್ಸಿ ಸೂಜಿ, ಆ್ಯಂಟಿಬಯಾಟಿಕ್, ಮರಗಟ್ಟಿಸುವ ಔಷಧಿಯಾದ ಲಿಗ್ನೋಕೇನಿನ 30 ಗ್ರಾಂ ಜೆಲ್ ಒಂದು ಟ್ಯೂಬ್. ಇಂಜೆಕ್ಷನ್ ಇಲ್ಲ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ನೋಡಿದೆ. ಇಲ್ಲ. ಕೈ ನಡುಗಿತು. ಆಗಲೇ ನಾಚಿಕೆ ಬಿಟ್ಟು, ಮೈಸೂರಿನಲ್ಲಿ ಇದೇ ಪರೀಕ್ಷೆ ಮಾಡಿಸಿಕೊಂಡಿದ್ದ ನನ್ನ ಷಡ್ಡಕರಿಗೆ ಫೋನ್ ಮಾಡಿದೆ. "ಮೊದಲು ಎರಡು ಕಡೆ ಇಂಜೆಕ್ಷನ್ ಕೊಟ್ಟು, ಐದು ನಿಮಿಷ ಬಿಟ್ಟು ತೆಗೆದರು, ನನಗೆ ಸದ್ದು ಕೇಳಿದ್ದೇ ಹೆಚ್ಚು" ಎಂದರು.

ಆಮೇಲೆ ಇನ್ನೊಬ್ಬ ವೈದ್ಯರನ್ನು ಕೇಳಿ ತಿಳಿದುಕೊಂಡೆ. ಜೆಲ್ ಗುದದ್ವಾರದ ಒಳಪದರವನ್ನು ಮಾತ್ರ ಮರಗಟ್ಟಿಸುತ್ತದೆ, ಪ್ರೋಬ್ ಹೋಗುವಾಗ ಒಂದಿಷ್ಟು ಉಪಯೋಗವಾಗಬಹುದು. ಸೂಜಿಯ ನೋವು ಬರುವುದು ಪ್ರಾಸ್ಟೇಟಿನ ಹೊರಕವಚದ ನರಗಳಿಂದ, ಅಲ್ಲಿಗೆ ಜೆಲ್ ತಲುಪುವುದಿಲ್ಲ. ಅದಕ್ಕಾಗಿಯೇ ಸ್ಕ್ಯಾನಿಂಗ್ ಪರದೆಯಲ್ಲಿ ನೋಡಿಕೊಂಡು ಗ್ರಂಥಿಯ ಎರಡೂ ಪಕ್ಕದ ನರಗಳ ಬಳಿ, ಸಾಮಾನ್ಯವಾಗಿ ಒಟ್ಟು 10 ಮಿಲಿಲೀಟರಿನಷ್ಟು ಲಿಗ್ನೋಕೇನ್ ಕೊಟ್ಟು, ಕೆಲವು ನಿಮಿಷ ಕಾಯುತ್ತಾರೆ. ಇದು 1996ರಲ್ಲಿಯೇ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಕ್ರಮ, ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿಯೂ ಇದನ್ನೇ ಮಾಡಿ ಎನ್ನುತ್ತದೆ. ಹೊಸದಲ್ಲ, ಅಪರೂಪದ್ದಲ್ಲ, ದುಬಾರಿಯದ್ದೂ ಅಲ್ಲ. ಬೇಕಾಗಿದ್ದುದು ಆ ಕೆಲವು ನಿಮಿಷ ಮಾತ್ರ.

ಎರಡು ಚೀಟಿಗಳನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಕೌಂಟರಿನವರು "ಕಂಪ್ಯೂಟರಿನಲ್ಲಿ ಹಾಗೆಯೇ ಬರುತ್ತದೆ ಸರ್" ಎಂದರು. ವೈದ್ಯರು ಬರುವ ದಿನ ಮತ್ತೆ ಹೋಗಿ ಎರಡು ಗಂಟೆ ಕಾದೆ. "ಜೆಲ್ ಕೂಡ ಅರಿವಳಿಕೆಯೇ. ಇಂಜೆಕ್ಷನ್ ಕೊಡಬೇಕಾದರೂ ಚುಚ್ಚಲೇಬೇಕು, ನಿಮಗೆ ಎರಡು ಚುಚ್ಚು ಉಳಿಸಿದ್ದೇನೆ" ಎಂದರು. ಹನ್ನೆರಡು ಸಲ ಹಾಗೆಯೇ ಚುಚ್ಚಿದವರು ಎರಡು ಚುಚ್ಚು ಉಳಿಸಿದೆ ಎನ್ನುತ್ತಾರೆ! ಹಾಗಾದರೆ 1,800 ರೂಪಾಯಿ ಯಾವ ಇಂಜೆಕ್ಷನ್ನಿಗೆ ಎಂದು ಕೇಳಿದರೆ, ಅದನ್ನು ಆಫೀಸಿನಲ್ಲಿ ಕೇಳಿ ಎಂದರು. ಆಫೀಸಿನಲ್ಲಿ "ರಿಪೋರ್ಟ್ ಚೆನ್ನಾಗಿ ಬಂದಿದೆಯಲ್ಲ ಸರ್, ಅದಕ್ಕೆ ಸಂತೋಷಪಡಿ" ಎಂದರು. ಬರೆದುಕೊಟ್ಟ ದೂರಿಗೆ ಇವತ್ತಿನವರೆಗೆ ಉತ್ತರವಿಲ್ಲ.

ರಿಪೋರ್ಟಿನಲ್ಲಿ ಕ್ಯಾನ್ಸರ್ ಕಂಡಿಲ್ಲ, ನಿಜ. ಆದರೆ ಪಿ.ಎಸ್.ಎ. ಇಳಿಯದಿದ್ದರೆ ಇನ್ನೊಮ್ಮೆ ಬಯಾಪ್ಸಿ ಬೇಕಾಗಬಹುದು ಎಂದಿದ್ದಾರೆ, ಆ ಮಾತು ನೆನಪಾದರೆ ರಾತ್ರಿ ನಿದ್ದೆ ಬರುವುದಿಲ್ಲ. ನನ್ನಂತೆ ಹೆದರಿದವನು ಪರೀಕ್ಷೆಯನ್ನೇ ಮುಂದೂಡುತ್ತಾ ಹೋದರೆ ಏನಾಗುತ್ತದೆ ಎಂದು ಆ ವೈದ್ಯರು ಯೋಚಿಸಿದ್ದಾರೆಯೇ?

ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ, ವೈದ್ಯರು ಹೇಳಿದರೆ ಖಂಡಿತ ಮಾಡಿಸಿ. ಆದರೆ ಸಹಿ ಹಾಕುವ ಮೊದಲು ಜೆಲ್ಲೋ ಇಂಜೆಕ್ಷನ್ನೋ ಎಂದು ನೇರವಾಗಿ ಕೇಳಿ, ಒಪ್ಪಿಗೆ ಪತ್ರದಲ್ಲಿ ಅದನ್ನೇ ಬರೆಸಿ. ಹಿಂದೆ ಮರಗಟ್ಟಿಸುವ ಔಷಧಿ ಒಗ್ಗದೆ ಹೋಗಿದ್ದರೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮೊದಲೇ ತಿಳಿಸಿ.

ಸಿದ್ದಾಪುರದ ಕಡೆಯ ನನ್ನ ಸ್ನೇಹಿತರೊಬ್ಬರಿಗೆ ಅದೇ ಆಸ್ಪತ್ರೆಯಲ್ಲಿ ಮುಂದಿನ ವಾರ ಬಯಾಪ್ಸಿ ನಿಗದಿಯಾಗಿದೆ. ನನ್ನ ಮಾತು ಕೇಳಿ ನಿನ್ನೆ ಫೋನ್ ಮಾಡಿ ವಿಚಾರಿಸಿದ್ದಾರೆ. "ಇಂಜೆಕ್ಷನ್ ಬೇಕೆಂದರೆ ಕೊಡುತ್ತೇವೆ ಸರ್, ಅದಕ್ಕೆ 1,800 ಆಗುತ್ತದೆ" ಎಂದರಂತೆ.