ಗಡಿಯಾಚೆ ಉಳಿದ ರೀಲು: ‘ವೆಸ್ಟ್ ಬೈರುತ್’

ಜಿಯಾದ್ ದುವೇರಿ ನಿರ್ದೇಶಿಸಿ 1998ರಲ್ಲಿ ತೆರೆಕಂಡ ‘ವೆಸ್ಟ್ ಬೈರುತ್’ ಚಿತ್ರವನ್ನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ನಮ್ಮೂರಿನ ವಾಚನಾಲಯದಲ್ಲಿ ಮಲಯಾಳಂ ಅಡಿಬರಹದೊಂದಿಗೆ ನೋಡಿದೆ. ಮಾತೆಲ್ಲ ಅರಬ್ಬಿ, ನಡುನಡುವೆ ಫ್ರೆಂಚ್. ಹಲವು ವರ್ಷ ಗಲ್ಫಿನಲ್ಲಿದ್ದು ಬಂದ ನೆರೆಯವರೊಬ್ಬರು ಅಡಿಬರಹ ಮೂಡುವ ಮೊದಲೇ ನಗುತ್ತಿದ್ದುದರಿಂದ, ಬೈಗುಳ ಎಲ್ಲಿ ಬಂತೆಂಬುದು ನಮಗೆಲ್ಲ ತಿಳಿಯುತ್ತಿತ್ತು.

ಲೆಬನಾನಿನ ಅಂತರ್ಯುದ್ಧ 1975ರಿಂದ 1990ರವರೆಗೆ ನಡೆಯಿತಾದರೂ ದುವೇರಿ ಹಿಡಿದುಕೊಂಡಿರುವುದು ಅದರ ಆರಂಭವನ್ನು, ಶಾಲೆ ಮುಚ್ಚಿತೆಂದು ಹುಡುಗರು ಹಿಗ್ಗುವ ದಿನಗಳನ್ನು. ಫ್ರೆಂಚ್ ಶಾಲೆಯಲ್ಲಿ ಫ್ರಾನ್ಸಿನ ರಾಷ್ಟ್ರಗೀತೆಗೆ ಎದುರಾಗಿ ಧ್ವನಿವರ್ಧಕದಲ್ಲಿ ಲೆಬನಾನಿನ ಗೀತೆ ಹಾಡುವ ಕಥಾನಾಯಕ, ಹುಡುಗ ತಾರಿಕ್, ಶಿಕ್ಷೆಗಾಗಿ ತರಗತಿಯಿಂದ ಹೊರಬಿದ್ದು ನಿಂತಲ್ಲಿಂದಲೇ ಪ್ಯಾಲೆಸ್ಟೀನಿಯರಿದ್ದ ಬಸ್ಸಿನ ಮೇಲಿನ ಗುಂಡಿನ ದಾಳಿಯನ್ನು ಕಾಣುತ್ತಾನೆ. ಯುದ್ಧಕ್ಕೆ ಕಿಡಿಯಾದ ಆ ದಾಳಿ ನಡೆದದ್ದು 1975ರ ಏಪ್ರಿಲ್ 13ರಂದು. ಅಂದು ಭಾನುವಾರ, ಶಾಲೆ ಹೇಗೆ ತೆರೆದಿತ್ತೆಂದು ಕೇಳಬಹುದು, ಆದರೆ ದೃಶ್ಯದ ಬಿಗಿಯ ಮುಂದೆ ಆ ಪ್ರಶ್ನೆ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ತಾರಿಕ್ ಮತ್ತು ಗೆಳೆಯ ಒಮರ್ ಸೂಪರ್ 8 ಎಂಬ ಪುಟ್ಟ ಚಲನಚಿತ್ರ ಕ್ಯಾಮೆರಾದಲ್ಲಿ ಕಂಡದ್ದನ್ನೆಲ್ಲ ಸೆರೆಹಿಡಿಯುತ್ತಾರೆ. ಆದರೆ ರೀಲು ತೊಳೆಸುವ ಅಂಗಡಿ ಈಗ ಇಬ್ಭಾಗವಾದ ರಾಜಧಾನಿ ಬೈರುತ್‌ನ ಇನ್ನೊಂದು ಮಗ್ಗುಲಲ್ಲಿದೆ. ಮುಸ್ಲಿಮರ ಪಶ್ಚಿಮ, ಕ್ರೈಸ್ತರ ಪೂರ್ವ ಎಂಬ ವಿಭಜನೆಯನ್ನು ಭಾಷಣದಿಂದ ವಿವರಿಸದೆ, ಒಂದು ಅಂಗಡಿಯನ್ನು ಕೈಗೆಟುಕದಂತೆ ಮಾಡಿ ತೋರಿಸಿರುವುದೇ ಈ ಚಿತ್ರಕಥೆಯ ಜಾಣತನ. 2020ರ ಮಾರ್ಚ್‌ನಲ್ಲಿ, ಕೋವಿಡ್ ವೇಳೆ, ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ, ದಿನನಿತ್ಯ ಹೋಗಿಬರುತ್ತಿದ್ದ ಮಂಗಳೂರು ರೋಗಿಗಳಿಗೂ ದೂರವಾದುದನ್ನು ಕಂಡ ನಮಗೆ ಇದರ ಅರ್ಥ ಬೇಗ ಆಗುತ್ತದೆ. ನಮ್ಮಲ್ಲಿ ಗುಂಡು ಹಾರಲಿಲ್ಲ, ಹೋಲಿಕೆಯನ್ನು ಅದಕ್ಕಿಂತ ಮುಂದಕ್ಕೆ ಎಳೆಯುವುದು ತಪ್ಪು. ಆದರೂ ನಿನ್ನೆಯವರೆಗೆ ಕಾಣದಿದ್ದ ಗೆರೆಯೊಂದು ಬೆಳಗಾಗುವಷ್ಟರಲ್ಲಿ ರಸ್ತೆಗೆ ಅಡ್ಡ ಬೀಳುವ ಬಗೆ ಪರಿಚಿತವೇ.

ತಾರಿಕ್ ಆಗಿ ನಟಿಸಿದ ರಾಮಿ ದುವೇರಿ ನಿರ್ದೇಶಕರ ತಮ್ಮ. ಅವನ ತುಂಟತನದಲ್ಲಿ ನಟನೆಯ ಸುಳಿವೇ ಇಲ್ಲ. ಕೊರಳಲ್ಲಿ ಶಿಲುಬೆ ಧರಿಸುವ ನೆರೆಮನೆಯ ಮೇ ಮಾತ್ರ ಹುಡುಗರ ಕುತೂಹಲದ ವಸ್ತುವಾಗಿಯೇ ಹೆಚ್ಚು ಉಳಿದುಬಿಡುತ್ತಾಳೆ. ಎರಡೂ ಕಡೆಯವರು ಬರುವ ವೇಶ್ಯಾಗೃಹದ ಭಾಗ ಕಲ್ಪನೆಯಾಗಿ ಚೆನ್ನ, ಚಿತ್ರವಾಗಿ ಉದ್ದ. ಸಂಗೀತ ಸ್ಟೀವರ್ಟ್ ಕೋಪ್‌ಲ್ಯಾಂಡ್ ಅವರದು.

ನನಗೆ ಹೆಚ್ಚು ಹಿಡಿಸಿದ್ದು ತಾರಿಕ್‌ನ ತಂದೆತಾಯಿಯರ ಜಗಳ. ವಕೀಲೆಯಾದ ತಾಯಿ ದೇಶ ಬಿಡೋಣವೆನ್ನುತ್ತಾಳೆ, ಇದೆಲ್ಲ ಬೇಗ ಮುಗಿಯುತ್ತದೆಂದು ತಂದೆ ತಡೆಯುತ್ತಾನೆ; ಅವನ ಈ ಭರವಸೆಯನ್ನು ಕೇಳುವಾಗ ಯುದ್ಧ ಹದಿನೈದು ವರ್ಷ ನಡೆಯಿತೆಂಬುದು ನೋಡುವವರಿಗೆ ಗೊತ್ತಿರುತ್ತದೆ, ಅವನಿಗೆ ಗೊತ್ತಿರುವುದಿಲ್ಲ. ಕೊನೆಯಲ್ಲಿ ತಾಯಿಗೆ ಏನಾಯಿತೆಂಬುದನ್ನು ಚಿತ್ರ ಬಾಯಿಬಿಟ್ಟು ಹೇಳದ ಕಾರಣ, ನಮ್ಮಲ್ಲಿ ಆ ಕುರಿತ ಚರ್ಚೆ ವಾಚನಾಲಯದ ಬಾಗಿಲು ಹಾಕುವವರೆಗೂ ನಡೆಯಿತು. ಬೈಗುಳ ಮತ್ತು ವೇಶ್ಯಾಗೃಹದ ದೃಶ್ಯಗಳಿರುವುದರಿಂದ ಚಿಕ್ಕ ಮಕ್ಕಳನ್ನು ಕೂರಿಸಿಕೊಳ್ಳಬೇಡಿ. ಪ್ರೌಢಶಾಲೆ ದಾಟಿದವರೊಂದಿಗೆ ಅವಶ್ಯ ನೋಡಿ.