ಆರು ವರ್ಷ ಓಡಿಸಿದ 50 ಲೀಟರ್ ಕಂಪ್ರೆಸರ್: ಹೆಚ್‌ಪಿ ನೋಡಿ ಕೊಳ್ಳಬೇಡಿ, ಗಾಳಿ ಅಳೆದು ಕೊಳ್ಳಿ

ನನ್ನ ವರ್ಕ್‌ಶಾಪ್‌ನಲ್ಲಿ ಈಗ ಓಡುತ್ತಿರುವುದು 2 ಹೆಚ್‌ಪಿ, 50 ಲೀಟರ್ ಟ್ಯಾಂಕಿನ, ಆಯಿಲ್ ಹಾಕುವ ಬೆಲ್ಟ್ ಕಂಪ್ರೆಸರ್, ಅಂದರೆ ಗಾಳಿಯನ್ನು ಅದುಮಿ ಟ್ಯಾಂಕಿಗೆ ತುಂಬುವ ಮೆಷಿನ್. ಆರು ವರ್ಷ ಆಯಿತು. ಹೊಸದರಲ್ಲಿ ಯಾವ ಮೆಷಿನ್ ಆದರೂ ಚೆನ್ನಾಗಿಯೇ ಇರುತ್ತದೆ, ಅದಕ್ಕೇ ಇಷ್ಟು ದಿನ ಬರೆಯದೆ ಕಾದೆ.

ಇದಕ್ಕೂ ಮೊದಲು ಒಂದು ಸಣ್ಣದು ಇತ್ತು. 24 ಲೀಟರ್, ಆಯಿಲ್ ಫ್ರೀ, ಮೋಟಾರಿಗೇ ಪಂಪ್ ಕೂರಿಸಿದ್ದು. ಅದರ ಮೇಲೂ 2 ಹೆಚ್‌ಪಿ ಅಂತಲೇ ಬರೆದಿತ್ತು. ಟೈರಿಗೆ ಗಾಳಿ ಹಿಡಿಯಲು, ಧೂಳು ಊದಲು, ಸಣ್ಣ ಮೊಳೆ ಹೊಡೆಯುವ ನೇಲರ್‌ಗೆ ಏನೂ ತೊಂದರೆ ಇರಲಿಲ್ಲ. ಒಂದು ದಿನ ಹಳೇ ಬಾಗಿಲೊಂದರ ಬಣ್ಣ ಉಜ್ಜಲು ಗಾಳಿಯ ಸ್ಯಾಂಡರ್ ಸಿಕ್ಕಿಸಿದೆ. ಹತ್ತು ಹನ್ನೆರಡು ಸೆಕೆಂಡ್ ಚೆನ್ನಾಗಿ ತಿರುಗಿತು, ಆಮೇಲೆ ಉಸಿರು ಕಟ್ಟಿದ ಹಾಗೆ ನಿಧಾನವಾಯಿತು. ಕಂಪ್ರೆಸರ್ ಶುರುವಾಯಿತು, ಆದರೆ ಪ್ರೆಶರ್ ಮೀಟರಿನ ಮುಳ್ಳು ಇಳಿಯುತ್ತಲೇ ಹೋಯಿತು. ಒಂದೇ ಹಲಗೆ ಉಜ್ಜಲು ಇಡೀ ಮಧ್ಯಾಹ್ನ ಬೇಕಾಯಿತು.

ಯಾಕೆ ಹೀಗೆ ಅಂತ ಆ ರಾತ್ರಿ ಲೆಕ್ಕ ಹಾಕಿದೆ. 8 ಬಾರ್‌ಗೆ (ಬಾರ್ ಒತ್ತಡದ ಅಳತೆ, ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು ಒಂದು ಬಾರ್) ನಿಂತು 6 ಬಾರ್‌ಗೆ ಮತ್ತೆ ಶುರುವಾಗುವ ಮೆಷಿನ್‌ನಲ್ಲಿ, 24 ಲೀಟರ್ ಟ್ಯಾಂಕಿನಿಂದ ನಮಗೆ ಸಿಗುವುದು ಎರಡು ಬಾರ್ ಗುಣಿಸು 24, ಅಂದರೆ ಸುಮಾರು 48 ಲೀಟರ್ ಗಾಳಿ ಅಷ್ಟೇ. ಸ್ಯಾಂಡರ್ ನಿಮಿಷಕ್ಕೆ 250 ಲೀಟರ್ ಹತ್ತಿರ ಕುಡಿಯುತ್ತದೆ. ಹಾಗಾಗಿ ಟ್ಯಾಂಕ್ ದೊಡ್ಡದು ಮಾಡಿದರೂ ಸಮಸ್ಯೆ ಸ್ವಲ್ಪ ಹೊತ್ತು ಮುಂದೆ ಹೋಗುತ್ತದೆ ಅಷ್ಟೇ, ಪಂಪ್ ಒಂದು ನಿಮಿಷಕ್ಕೆ ನಿಜವಾಗಿ ಎಷ್ಟು ಗಾಳಿ ತುಂಬುತ್ತದೆ ಅನ್ನುವುದೇ ಎಲ್ಲಕ್ಕಿಂತ ಮುಖ್ಯ.

ಆ ಸಣ್ಣ ಕಂಪ್ರೆಸರ್ ಎರಡು ವರ್ಷಕ್ಕೆ 5 ಬಾರ್ ದಾಟುವುದನ್ನು ಬಿಟ್ಟಿತು. ಮೋಟಾರ್ ನಿಲ್ಲುತ್ತಲೇ ಇರಲಿಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಟೆಫ್ಲಾನ್ ರಿಂಗ್ ಸವೆದು, ಸಿಲಿಂಡರ್ ಒಳಗೆಲ್ಲ ಕಪ್ಪು ಪುಡಿ. ನಿಮಿಷಕ್ಕೆ 2800 ಸುತ್ತು ತಿರುಗುವ ಮೆಷಿನ್‌ನಲ್ಲಿ ಎಣ್ಣೆ ಇಲ್ಲದ ರಿಂಗ್ ಬೇಗ ಸವೆಯುವುದೇ. ಆಯಿಲ್ ಫ್ರೀ ಎಲ್ಲವೂ ಕೆಟ್ಟದ್ದು ಅಂತ ಮಾತ್ರ ನಾನು ಹೇಳುವುದಿಲ್ಲ. 1400 ಸುತ್ತಿನ, ಸದ್ದು ಕಡಿಮೆ ಇರುವವು ಬೇರೆಯೇ ಜಾತಿ, ಅಪಾರ್ಟ್‌ಮೆಂಟ್‌ನಲ್ಲಿ ಸಣ್ಣ ಕೆಲಸ ಮಾಡುವವರಿಗೆ ಅವೇ ಸರಿ.

ಎರಡನೇ ಸಲ ಕೊಳ್ಳುವಾಗ ಅಂಗಡಿಯಲ್ಲೇ ಮೆಷಿನ್ ಓಡಿಸಿ ಅಂತ ಕೇಳಿದೆ. ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಮುಳ್ಳು 6ರಿಂದ 8 ಬಾರ್‌ಗೆ ಹೋಗಲು ಎಷ್ಟು ಸೆಕೆಂಡ್ ಅಂತ ನೋಡಿದೆ. 43 ಸೆಕೆಂಡ್. ಎರಡು ಬಾರ್, 50 ಲೀಟರ್ ಟ್ಯಾಂಕ್, ಅಂದರೆ 100 ಲೀಟರ್ ಗಾಳಿ 43 ಸೆಕೆಂಡಿನಲ್ಲಿ. ನಿಮಿಷಕ್ಕೆ ಹತ್ತಿರ ಹತ್ತಿರ 140 ಲೀಟರ್. 28.3 ಲೀಟರ್ ಒಂದು ಕ್ಯೂಬಿಕ್ ಅಡಿ, ಹಾಗಾಗಿ 4.9 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಕ್ಯೂಬಿಕ್ ಅಡಿ ಗಾಳಿ. ಸ್ಟಿಕ್ಕರ್ ಮೇಲೆ 8 ಸಿಎಫ್‌ಎಂ ಅಂತಿತ್ತು! ಅದು ಸುಳ್ಳೇನಲ್ಲ, ಪಿಸ್ಟನ್ ಒಂದು ನಿಮಿಷದಲ್ಲಿ ಗುಡಿಸುವ ಜಾಗದ ಲೆಕ್ಕ ಅದು. ಟ್ಯಾಂಕಿಗೆ ಸೇರುವ ಗಾಳಿ ಅದಕ್ಕಿಂತ ಯಾವಾಗಲೂ ಕಡಿಮೆ. ನಿಮ್ಮ ಟೂಲ್‌ಗೆ 90 ಪಿಎಸ್‌ಐ, ಅಂದರೆ 6.2 ಬಾರ್‌ನಲ್ಲಿ ಎಷ್ಟು ಬೇಕು ಅಂತ ನೋಡಿ, ಮೆಷಿನ್ ನಿಜವಾಗಿ ಕೊಡುವ ಗಾಳಿ ಅದಕ್ಕಿಂತ ಜಾಸ್ತಿ ಇರುವುದನ್ನೇ ಆರಿಸಿ. ಅಂಗಡಿಯವರು ಓಡಿಸಿ ತೋರಿಸುವುದಿಲ್ಲ ಅಂದರೆ ಬೇರೆ ಅಂಗಡಿ ನೋಡುವುದೇ ಒಳ್ಳೆಯದು.

ಈ ಆರು ವರ್ಷದಲ್ಲಿ ಎರಡು ಸಲ ಕೈ ಕೊಟ್ಟಿದೆ.

ಮೊದಲನೆಯದು ಮೂರನೇ ವರ್ಷ. ಮೋಟಾರ್ ನಿಂತಾಗ ಮೋಟಾರನ್ನು ಆನ್ ಆಫ್ ಮಾಡುವ ಪ್ರೆಶರ್ ಸ್ವಿಚ್ ಹತ್ತಿರ 'ಪುಸ್' ಅಂತ ಒಮ್ಮೆ ಸದ್ದು ಬಂದು ನಿಲ್ಲಬೇಕು, ಅಲ್ವಾ? ಅದು ನಿಲ್ಲದೆ ಸಣ್ಣಗೆ ಸುರಿಯುತ್ತಲೇ ಇತ್ತು. ಕೆಲವು ದಿನ ಸುಮ್ನೆ ಬಿಟ್ಟೆ. ಆಮೇಲೆ ಮೋಟಾರ್ ಶುರುವಾಗಲಾರದೆ ಬರೀ ಗುಂಯ್‌ಗುಟ್ಟಿ ಟ್ರಿಪ್ ಆಗತೊಡಗಿತು. ಕೆಪಾಸಿಟರ್ ಹೋಗಿದೆ ಅಂದುಕೊಂಡು ಹೊಸದು ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ. ನಿಜವಾದ ಕಾರಣ ಟ್ಯಾಂಕಿಗೆ ಗಾಳಿ ಹೋಗುವ ಜಾಗದಲ್ಲಿದ್ದು, ಅದು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್. ಒಳಗಿನ ರಬ್ಬರ್ ಮೇಲೆ ಸಾಸಿವೆ ಕಾಳಿನಷ್ಟು ಕರಿ ಕೂತು ಪೂರ್ತಿ ಮುಚ್ಚುತ್ತಿರಲಿಲ್ಲ. ಟ್ಯಾಂಕಿನ ಗಾಳಿ ಹಿಂದಕ್ಕೆ ಬಂದು ಪಿಸ್ಟನ್ ಮೇಲೆ ಒತ್ತುತ್ತಿತ್ತು, ಆ ಒತ್ತಡದ ಎದುರು ಮೋಟಾರ್ ತಿರುಗಲು ಒದ್ದಾಡುತ್ತಿತ್ತು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಪ್ಲಗ್ ಕಿತ್ತು, ವಾಲ್ವ್ ಬಿಚ್ಚಿ ಒರೆಸಿ ಹಾಕಿದ ಮೇಲೆ ಇವತ್ತಿನವರೆಗೂ ಆ ತೊಂದರೆ ಬಂದಿಲ್ಲ.

ಎರಡನೆಯದಕ್ಕೆ ನಾನೇ ಕಾರಣ. ಕಂಪ್ರೆಸರ್ ಆಯಿಲ್ ಮುಗಿದಿತ್ತು ಅಂತ ಗಾಡಿಯ ಇಂಜಿನ್ ಆಯಿಲ್ ಹಾಕಿ ಒಂದು ವರ್ಷ ಓಡಿಸಿದೆ. 43 ಸೆಕೆಂಡಿನ ಕೆಲಸ 58 ಸೆಕೆಂಡ್ ಆಯಿತು. ಹೆಡ್ ಬಿಚ್ಚಿದರೆ ತೆಳ್ಳನೆ ವಾಲ್ವ್ ಪ್ಲೇಟಿನ ಮೇಲೆ ಕಾರ್ಬನ್ ಗಟ್ಟಿಯಾಗಿ ಅಂಟಿತ್ತು, ಏರ್ ಫಿಲ್ಟರ್ ಮರದ ಪುಡಿಯಿಂದ ಮುಚ್ಚಿಹೋಗಿತ್ತು. ಇಂಜಿನ್ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ಈ ಪಂಪಿಗೆ ಬೇಡ. ಮ್ಯಾನುಯಲ್‌ನಲ್ಲಿ ಹೇಳಿದ ಕಂಪ್ರೆಸರ್ ಆಯಿಲ್ ಹಾಕಿ, ನನ್ನದಕ್ಕೆ ವಿಜಿ 100 (ಎಣ್ಣೆ ಎಷ್ಟು ಮಂದ ಅನ್ನುವ ದರ್ಜೆ). ಗ್ಯಾಸ್ಕೆಟ್ ಬದಲಿಸಿ ಜೋಡಿಸಿದ ಮೇಲೆ 45ಕ್ಕೆ ಬಂತು.

ಇನ್ನು ನೀರು. ಗಾಳಿಯನ್ನು ಅಷ್ಟು ಅದುಮಿದಾಗ ಅದರಲ್ಲಿರುವ ತೇವ ಟ್ಯಾಂಕಿನಲ್ಲಿ ತಣ್ಣಗಾಗಿ ನೀರಾಗುತ್ತದೆ. ಮಳೆಗಾಲದಲ್ಲಿ ಜಾಸ್ತಿ. ಕೆಳಗಿನ ಸ್ಕ್ರೂ ತಿರುಗಿಸಿದರೆ ಹಾಲು ಬಣ್ಣದ ನೀರು ಬರುತ್ತದೆ, ಬಿಟ್ಟು ಬಿಟ್ಟು ತೆಗೆದರೆ ಕಂದು ಬಣ್ಣದ್ದು. ಆ ಕಂದು ಟ್ಯಾಂಕಿನ ಒಳಗಿನ ತುಕ್ಕು. ಬಗ್ಗಿ ತೆಗೆಯಲು ಬೇಜಾರಾಗಿ ನಾನು ದಿನ ತಪ್ಪಿಸುತ್ತಿದ್ದೆ, ಕೊನೆಗೆ ಟ್ಯಾಂಕ್ ಖಾಲಿ ಇದ್ದಾಗ ಆ ಸ್ಕ್ರೂ ತೆಗೆದು ಒಂದು ಎಲ್ಬೋ, ಸಣ್ಣ ಪೈಪ್, ಬಾಲ್ ವಾಲ್ವ್ ಹಾಕಿ ಹೊರಗೆ ತಂದೆ. ಈಗ ಕೆಲಸ ಮುಗಿದ ಮೇಲೆ ಕಾಲಿನಿಂದಲೇ ತಿರುಗಿಸುತ್ತೇನೆ. ಈ ಮೆಷಿನ್‌ಗೆ ಮಾಡಿದ್ದರಲ್ಲಿ ಅತಿ ಒಳ್ಳೆಯ ಕೆಲಸ ಇದೇ. ತುಕ್ಕು ತಿಂದ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕಿಸಿ ಮತ್ತೆ ಓಡಿಸಬೇಡಿ, ದಯವಿಟ್ಟು. ಅದು ಒಡೆದರೆ ಪಕ್ಕದಲ್ಲಿರುವವರ ಜೀವಕ್ಕೇ ಅಪಾಯ. ಗಾಳಿಯ ಲೈನ್‌ಗೆ ಪಿವಿಸಿ ಪೈಪ್ ಹಾಕುವವರಿಗೂ ಇದೇ ಮಾತು, ಅದು ಸೀಳುವುದಿಲ್ಲ, ಚೂರು ಚೂರಾಗಿ ಸಿಡಿಯುತ್ತದೆ.

ಗಾಳಿಯಲ್ಲಿನ ನೀರು ಹಿಡಿದಿಡುವ ವಾಟರ್ ಟ್ರ್ಯಾಪ್ ಅನ್ನು ಟ್ಯಾಂಕಿನ ಬಾಯಿಗೇ ಹಾಕಿದ್ದೆ, ಆದರೂ ಸ್ಪ್ರೇ ಗನ್‌ನಲ್ಲಿ ನೀರಿನ ಹನಿ ಬರುತ್ತಿತ್ತು. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗೇ ದಾಟಿ ಹೋಗುತ್ತದೆ. ಐದಾರು ಮೀಟರ್ ಪೈಪ್ ಆದ ಮೇಲೆ ಹಾಕಿದಾಗ ಸರಿಹೋಯಿತು. ದೂರದಲ್ಲಿ ಕೆಲಸ ಇದ್ದರೆ ಗಾಳಿ ಪೈಪ್ ಉದ್ದ ಮಾಡಿ, ಕರೆಂಟ್ ವೈರ್ ಅಲ್ಲ. ತೆಳು ಎಕ್ಸ್‌ಟೆನ್ಷನ್‌ನಲ್ಲಿ ವೋಲ್ಟೇಜ್ ಇಳಿದು ಮೋಟಾರ್ ಬಿಸಿಯಾಗುತ್ತದೆ.

ಬೇಸರದ ವಿಷಯಗಳೂ ಇವೆ. ಭಾರ ಜಾಸ್ತಿ, ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು. ಬಣ್ಣ ಹೊಡೆಯುವಾಗ ಗಾಳಿಯಲ್ಲಿ ಎಣ್ಣೆ ಸ್ವಲ್ಪ ಬರುತ್ತದೆ, ಅದಕ್ಕೆ ಬೇರೆ ಫಿಲ್ಟರ್ ಹಾಕಲೇಬೇಕಾಯಿತು. ಸ್ಯಾಂಡರ್ ಇದರಲ್ಲೂ ಬಿಡದೆ ಓಡುವುದಿಲ್ಲ, 4.9 ಸಿಎಫ್‌ಎಂಗೆ ಅದು ಸಾಧ್ಯವೂ ಇಲ್ಲ. ಉಜ್ಜುವ ಕೆಲಸಕ್ಕೆ ನಾನು ಕರೆಂಟಿನ ಸ್ಯಾಂಡರ್ ತಂದೆ. ಇಂಪ್ಯಾಕ್ಟ್ ರೆಂಚ್, ನೇಲರ್, ಸಣ್ಣ ಸ್ಪ್ರೇ ಗನ್ನಿಗೆ ಮಾತ್ರ ಈ ಕಂಪ್ರೆಸರ್ ಒಮ್ಮೆಯೂ ಸಾಲದಾಗಿಲ್ಲ.

ವರ್ಷಕ್ಕೊಮ್ಮೆ ಅದೇ 6ರಿಂದ 8 ಬಾರ್ ಅಳತೆ ಮಾಡಿ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. 43, 44, 44, 58, ರಿಪೇರಿ ಆದ ಮೇಲೆ 45. ಕಳೆದ ವಾರ 47 ಬಂತು. ಹೊಸ ಏರ್ ಫಿಲ್ಟರ್ ತಂದಿಟ್ಟಿದ್ದೇನೆ, ಹಾಕಿ ಮತ್ತೆ ಅಳೆಯಬೇಕು.